ಗ್ಯಾರೇಜಿಗೆ ಲೈಟ್ ಹಾಕಿಸಿದೆ

ವಿದ್ಯಾರಣ್ಯಪುರಂ, ಮೈಸೂರು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ವಿಶ್ವನಾಥರಿಗೆ, ಹೇಮಾ ಮಾಡುವ ನಮಸ್ಕಾರಗಳು.

ಆರೋಗ್ಯ ಹೇಗಿದೆ? ಹುಬ್ಬಳ್ಳಿಯ ಖಾರ ನಿಮ್ಮ ಹೊಟ್ಟೆಗೆ ಒಗ್ಗಿತೋ, ಇನ್ನೂ ಎದೆಯುರಿ ಅಂತ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದೀರೋ? ಮೆಸ್ಸಿನವರಿಗೆ ಹೇಳಿ ಒಂದು ಲೋಟ ನೀರುಮಜ್ಜಿಗೆ ತರಿಸಿಕೊಳ್ಳಿ, ನಾಚಿಕೆ ಬೇಡ. ಬೆನ್ನುನೋವಿನ ಎಣ್ಣೆಯನ್ನು ಬ್ಯಾಗಿನ ಪಕ್ಕದ ಜೇಬಿನಲ್ಲಿಟ್ಟಿದ್ದೇನೆ. ನೀವು ಅದನ್ನು ಇನ್ನೂ ತೆರೆದೇ ಇರುವುದಿಲ್ಲ, ನನಗೆ ಗೊತ್ತು. ಲಾಸ್ಯ ಚೆನ್ನಾಗಿದ್ದಾಳೆ. ಕಾಲಿನ ಗಾಯ ಒಣಗಿದೆ. ಕಾಲೇಜಿಗೆ ಮತ್ತೆ ಸ್ಕೂಟರಿನಲ್ಲೇ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ, ಥೇಟ್ ನಿಮ್ಮ ಮಗಳೇ.

ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ಆಶ್ಚರ್ಯವಾಗಿರಬಹುದು. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀವು "ಅಯ್ಯೋ ಹೇಮಾ, ಅದು ಹಂಗಲ್ಲ ಕಣೇ" ಎಂದು ಶುರುಮಾಡುತ್ತೀರಿ. ಆಮೇಲೆ ಏನಾದರೂ ತಮಾಷೆ ಮಾಡುತ್ತೀರಿ, ನಾನು ನಕ್ಕುಬಿಡುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿದುಹೋಗುತ್ತದೆ. ಮದುವೆಯಾದಾಗಿನಿಂದ ಹೀಗೇ ನಡೆದಿದೆ. ಈ ಸಲ ನನಗೆ ನಗಲು ಇಷ್ಟವಿಲ್ಲ. ಕಾಗದಕ್ಕೆ ನೀವು ಅಡ್ಡಬಾಯಿ ಹಾಕುವ ಹಾಗಿಲ್ಲ, ಪೂರ್ತಿ ಓದಿ.

ಗ್ಯಾರೇಜಿಗೆ ಲೈಟ್ ಹಾಕಿಸಿದೆ. ಲಾಸ್ಯ ಮುಸ್ಸಂಜೆಯಲ್ಲಿ ಸ್ಕೂಟರ್ ಒಳಗೆ ತರುವಾಗ ಮೆಟ್ಟಿಲು ಕಾಣದೆ ಬಿದ್ದಳಲ್ಲ, ಅವತ್ತೇ ತೀರ್ಮಾನ ಮಾಡಿದ್ದೆ. ನಿಮಗೆ ಹೇಳಿದಾಗ ನೀವು ಏನೆಂದಿರಿ, ನೆನಪಿದೆಯೇ? "ಹಳದಿ ಬಲ್ಬ್ ಒಂದು ಹಾಕ್ಸು ಸಾಕು. ಬಿಳೀ ಬೆಳಕಿಗೆ ಗಾಡಿಯ ಹಳೇ ಪೇಂಟು ಬಿಳಿಚ್ಕೊಂಡ್ಬುಡುತ್ತೆ." ಅಪ್ಪ ಕೊಟ್ಟ ಮೋಟಾರುಸೈಕಲ್ಲಿನ ಮೇಲೆ ಎಷ್ಟು ಅಕ್ಕರೆ ನೋಡು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಎಂಥ ಪೆದ್ದಿ ನಾನು!

ಆದರೂ ಹಳದಿ ಬಲ್ಬು ತರಲಿಲ್ಲ. ಮೋಟಾರುಸೈಕಲ್ ಟ್ಯಾಂಕಿಗೆ ಬಣ್ಣದ ಗೆರೆ ಎಳೆಯುತ್ತಿದ್ದವರ ಮಗಳು ಕಣ್ರೀ ನಾನು. "ಬಣ್ಣ ನೋಡ್ಬೇಕಾದ್ರೆ ಬಲ್ಬ್ ನಂಬ್ಬೇಡ ಮಗಾ, ಕಿಟಕಿ ಹತ್ರ ತಗೊಂಡೋಗು" ಎಂದು ಅಪ್ಪ ಹೇಳುವುದನ್ನು ಕೇಳಿಕೊಂಡು ಬೆಳೆದವಳು. ನೀವು ಊರಿಂದ ಬಂದಾಗ ಗ್ಯಾರೇಜು ಕಿಟಕಿಯ ಪಕ್ಕದ ಹಾಗೆ ಬೆಳಗಬೇಕು, ಅಪ್ಪನ ಗಾಡಿಯ ಮೆರೂನ್ ಬಣ್ಣ ಹೇಗಿದೆಯೋ ಹಾಗೇ ಕಾಣಬೇಕು, ನೀವು ಬಾಗಿಲು ತೆಗೆದು "ಭೇಷ್" ಅನ್ನಬೇಕು ಎಂದು ನನ್ನ ಆಸೆ. ಅದಕ್ಕೆ, ಹಿಂದೆ ಆ ಗಾಡಿಯ ಬಣ್ಣಕ್ಕೆ ಹೊಂದಿಸಿಯೇ ತಂದಿದ್ದ ಮೆರೂನ್ ರವಿಕೆಯ ಪೀಸೊಂದನ್ನು ಪರ್ಸಿಗೆ ಹಾಕಿಕೊಂಡು ಅಗ್ರಹಾರದ ಅಂಗಡಿಗೆ ಹೋದೆ. ಅಂಗಡಿಯವನು ಒಂದೊಂದೇ ಎಲ್‌ಇಡಿ ಹೊತ್ತಿಸಿದಾಗ ಬಟ್ಟೆಯನ್ನು ಅದರ ಕೆಳಗೆ ಹಿಡಿಯುವುದು, ಬೀದಿಗೆ ಬಂದು ಬಿಸಿಲಿನಲ್ಲಿ ನೋಡುವುದು, ಮತ್ತೆ ಒಳಗೆ ಹೋಗುವುದು. ಹಳದಿಯ ಕೆಳಗೆ ಮೆರೂನು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅವನು "ಇದೇ ಜಾಸ್ತಿ ಹೋಗೋದು" ಎಂದು ತೋರಿಸಿದ ನೀಲಿಬಿಳುಪಿನ ಕೆಳಗೆ ಬದನೆಕಾಯಿಯಂತಾಯಿತು. "ಗ್ಯಾರೇಜಿಗೆ ಹಾಕೋ ಲೈಟಿಗೆ ಇಷ್ಟೊಂದು ಪರೀಕ್ಷೆನಾ ಮೇಡಂ, ಮದುವೆ ಸೀರೆ ತೆಗೀತಿದೀರಾ?" ಎಂದು ನಕ್ಕ. ನಗಲಿ ಬಿಡಿ. ಕೊನೆಗೆ ಎರಡರ ನಡುವಿನ, ಬೆಳಗಿನ ಹೊತ್ತಿನಂಥ ಬಿಳುಪಿನದು ಸಿಕ್ಕಿತು. ಉದ್ದನೆಯ ಪಟ್ಟಿ ದೀಪ. ತೇವ ಒಳಗಿಳಿಯದ ಹಾಗೆ ಮೇಲೊಂದು ಕವಚ. ಅಂಥವು ಎರಡನ್ನು ಕೊಂಡೆ.

ಹಾಕಿಸುವುದೇ ದೊಡ್ಡ ಕೆಲಸವಾಯಿತು. ಊರಿನ ಎಲೆಕ್ಟ್ರಿಷಿಯನ್‌ಗಳೆಲ್ಲ ದಸರಾ ದೀಪ ಕಟ್ಟುವುದಕ್ಕೆ ಹೋಗಿದ್ದಾರೆ, ಯಾರೂ ಕೈಗೆ ಸಿಗುವುದಿಲ್ಲ. ನಮ್ಮ ಮೂಗಯ್ಯನನ್ನು ಕಾಡಿ ಬೇಡಿ ನಿನ್ನೆ ಬೆಳಿಗ್ಗೆ ಕರೆಸಿದೆ. ಮಧ್ಯದ ಹಳೇ ಹೋಲ್ಡರಿನ ಜಾಗದಲ್ಲೇ ಹೊಡೆದು ಓಡುವ ಅಂದಾಜಿನಲ್ಲಿದ್ದ. ನಾನು ಬಿಡಲಿಲ್ಲ, ಗಾಡಿಯ ಎಡಕ್ಕೊಂದು, ಬಲಕ್ಕೊಂದು ಬೇಕು, ಬಗ್ಗಿ ಕೆಲಸ ಮಾಡುವವರ ನೆರಳು ಅವರ ಕೈಮೇಲೇ ಬೀಳಬಾರದು ಎಂದೆ. "ಆಯ್ತು ಬುಡಕ್ಕ, ನೀವು ಎಂಗೇಳ್ತೀರೋ ಅಂಗೇ" ಎಂದು ಗೊಣಗಿಕೊಂಡೇ ಹಾಕಿದ. ಬಾಗಿಲ ಪಕ್ಕದಲ್ಲೇ ಸ್ವಿಚ್ಚು. ಅವನನ್ನು ಕಳಿಸಿ, ಗಾಡಿಯ ಮೇಲಿನ ಹೊದಿಕೆ ತೆಗೆದು, ಸ್ವಿಚ್ ಒತ್ತಿದೆ.

ಆ ಟ್ಯಾಂಕಿನ ವಿಷಯ ನಿಮಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ, ನೀವು ಮರೆತ ಹಾಗಿದೆ. ಅಪ್ಪ ಮೋಟಾರುಸೈಕಲ್ ಕಾರ್ಖಾನೆಯಲ್ಲಿ ಜೀವಮಾನವಿಡೀ ಟ್ಯಾಂಕುಗಳ ಮೇಲೆ ಚಿನ್ನದ ಬಣ್ಣದ ಗೆರೆ ಎಳೆದರು. ಅಳತೆಪಟ್ಟಿ ಇಲ್ಲ, ಏನಿಲ್ಲ. ಅಳಿಲುಕೂದಲಿನ ಕುಂಚ ಅದ್ದಿ, ಉಸಿರು ಬಿಗಿಹಿಡಿದು, ಒಂದೇ ಎಳೆತ. ಕಾರ್ಖಾನೆ ಮುಚ್ಚಿದ ಮೇಲೆ ಕೈ ನಡುಗಲು ಶುರುವಾಯಿತು. ಕೈಯ ಹಿಡಿತ ಪೂರಾ ತಪ್ಪುವ ಮೊದಲು ತಮ್ಮ ಸ್ವಂತ ಗಾಡಿಯ ಟ್ಯಾಂಕಿಗೆ ಹೊಸದಾಗಿ ಬಣ್ಣ ಬಳಿದು ಗೆರೆ ಎಳೆದರು. ಅದೇ ಕೊನೆಯದು. ಅಪ್ಪ ಎಡಚರು, ಕುಂಚ ಎತ್ತುವ ಕಡೆ ಗೆರೆಯ ತುದಿ ಸಣ್ಣಗಾಗಿ ಒಳಕ್ಕೆ ತಿರುಗುತ್ತಿತ್ತು. ನಮ್ಮ ಮದುವೆಯಲ್ಲಿ ಆ ಗಾಡಿಯ ಕೀಲಿ ನಿಮ್ಮ ಕೈಗಿಟ್ಟು "ಇದರಲ್ಲಿ ನನ್ನ ಕೈ ಇದೆ ಕಣಪ್ಪ, ಜೋಪಾನ" ಎಂದರು. ನೀವು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ.

ಸ್ವಿಚ್ ಒತ್ತಿದಾಗ ನನಗೆ ಮೊದಲು ಕಂಡದ್ದು ಬಣ್ಣ. ಅದು ಮೆರೂನೇ, ಆದರೆ ಅಪ್ಪನದಲ್ಲ. ಪರ್ಸಿನಿಂದ ರವಿಕೆಪೀಸು ತೆಗೆದು ಇಟ್ಟು ನೋಡಿದೆ, ಅಜಗಜಾಂತರ. ಗೆರೆಯ ತುದಿ ಹುಡುಕಿದೆ. ಎರಡೂ ಕಡೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೆಟ್ಟಗೆ ನಿಂತಿತ್ತು. ಉಗುರಿನಿಂದ ಕೆರೆದೆ ಕಣ್ರೀ. ಗೆರೆ ರಿಬ್ಬನ್ ಥರ ಎದ್ದು ಕೈಗೆ ಬಂತು. ಸ್ಟಿಕ್ಕರು! ಅಪ್ಪನ ಟ್ಯಾಂಕಿನ ಜಾಗದಲ್ಲಿ ಇನ್ಯಾರದೋ ಟ್ಯಾಂಕು, ಅದರ ಮೇಲೆ ಸ್ಟಿಕ್ಕರು.

ಹೋದ ವರ್ಷ ಆಯುಧಪೂಜೆಗೆ ಗಾಡಿ ಹೊರಗೆ ತೆಗೆಯಿರಿ ಎಂದರೆ "ಚಕ್ರ ಜಾಮ್ ಆಗಿದೆ, ಒಳಗೇ ಮಾಡ್ಬುಡೋಣ" ಎಂದಿರಿ. ಆ ಕತ್ತಲಲ್ಲಿ ನಮ್ಮಮ್ಮ ರಾಜೀವನಗರದಿಂದ ಆಟೋದಲ್ಲಿ ಬಂದು, ಅಪ್ಪ ಹೋದಾಗಿನಿಂದ ಮಾಡುವಂತೆ ತಾವೇ ಆ ಟ್ಯಾಂಕಿಗೆ ವಿಭೂತಿ ಬಳಿದು ಕುಂಕುಮ ಇಟ್ಟರು. ಕೈಮುಗಿದು ನಿಂತರು. ನೀವು ಗಂಟೆ ಬಾರಿಸಿದಿರಿ. ಅದು ಹೇಗೆ ಬಾರಿಸಿದಿರಿ ಎಂದು ನನಗೆ ಈಗಲೂ ಅರ್ಥವಾಗುತ್ತಿಲ್ಲ.

ಎಲ್ಲಿ ಹೋಗಿರಬಹುದೆಂದು ಯೋಚಿಸಬೇಕಾಗಲೇ ಇಲ್ಲ. ಹಳೇ ಗಾಡಿಗಳ ಪ್ರದರ್ಶನದಲ್ಲಿ ನಿಮ್ಮ ಗೆಳೆಯ ವಿಜಯ್‌ಕುಮಾರ್ ಅವರ ಗಾಡಿ ನಿಂತಿದ್ದ ಫೋಟೋವನ್ನು ನೀವೇ ಫೋನಿನಲ್ಲಿ ತೋರಿಸಿದ್ದಿರಿ. "ಅಯ್ಯೋ, ಥೇಟ್ ಅಪ್ಪನ ಗೆರೆ ಕಣ್ರೀ" ಎಂದಿದ್ದೆ ನಾನು. ಅದಕ್ಕೆ ನೀವು, "ಆ ಕಾಲದ ಟ್ಯಾಂಕಿಗೆಲ್ಲ ಅದೇ ಗೆರೆ ಕಣೇ. ನಿಂಗೆ ಎಲ್ಲಿ ನೋಡಿದ್ರೂ ನಿಮ್ಮಪ್ಪನೇ ಕಾಣ್ತಾರೆ" ಎಂದು ಗಲ್ಲ ಹಿಂಡಿದ್ದಿರಿ. ನನ್ನ ಕಣ್ಣನ್ನೇ ನಾನು ನಂಬದ ಹಾಗೆ ಮಾಡಿಬಿಟ್ಟಿರಿ. ಟ್ಯಾಂಕು ಕೊಟ್ಟಿದ್ದಕ್ಕಿಂತ ಇದು ಹೆಚ್ಚು ಉರಿಯುತ್ತಿದೆ.

ನಿನ್ನೆ ಸಂಜೆ ಕೃಷ್ಣಮೂರ್ತಿಪುರಂಗೆ, ಅವರ ಮನೆಗೆ ಹೋದೆ. ಹಾಲಿನಲ್ಲೇ ನಿಲ್ಲಿಸಿದ್ದಾರೆ ಗಾಡಿಯನ್ನು. ಅಪ್ಪನ ಗೆರೆ, ಒಳಕ್ಕೆ ತಿರುಗಿದ ತುದಿ, ಎಲ್ಲ ಹಾಗೇ ಇದೆ. ಪಾಪ ಆ ಮನುಷ್ಯನಿಗೆ ಏನೂ ಗೊತ್ತಿಲ್ಲ. ನನ್ನನ್ನು ನೋಡಿ ಸಂತೋಷದಿಂದ, "ಬನ್ನಿ ಬನ್ನಿ ಹೇಮಕ್ಕ. ನಾನು ಎಷ್ಟು ಬೇಡ ಅಂದ್ರೂ ವಿಶ್ವ ಕೇಳ್ಲಿಲ್ಲ. ನೀವೇ ಒಪ್ಪಿ, ನಮ್ಮಪ್ಪನ ಕೆಲಸ ನಾಕು ಜನ ನೋಡ್ಲಿ, ಕೊಟ್ಬುಡಿ ಅಂದ್ರಂತೆ. ಎಂಥಾ ಮನಸ್ಸು ತಾಯಿ ನಿಮ್ಮದು" ಎಂದರು. ಅವರ ಹೆಂಡತಿ ಕಾಫಿ ತಂದುಕೊಟ್ಟರು. ನಾನು ಏನು ಮಾಡಲಿ? ಹೌದು, ನಾನೇ ಅಂದೆ ಎಂದು ತಲೆಯಾಡಿಸಿದೆ. ನಿಮ್ಮ ಮಾನ ಹೋಗಬಾರದಲ್ಲ. ಆ ಕಾಫಿಯನ್ನು ಹೇಗೆ ಗುಟುಕರಿಸಿದೆನೋ ಆ ನಂಜುಂಡೇಶ್ವರನಿಗೇ ಗೊತ್ತು.

ಯಾವ ಕಷ್ಟಕ್ಕಾಗಿ ಕೊಟ್ಟಿದ್ದರೂ ಸಹಿಸುತ್ತಿದ್ದೆನೇನೋ. ಗೆಳೆಯರ ಮುಂದೆ ಧಾರಾಳಿ ಅನ್ನಿಸಿಕೊಳ್ಳಬೇಕಿತ್ತು ನಿಮಗೆ, ಅಷ್ಟೇ. ಅದಕ್ಕೆ ನಮ್ಮಪ್ಪನ ಕೈ ಬೇಕಾಯಿತೇ? ನನ್ನ ಹೆಸರೂ ಬೇಕಾಯಿತೇ? ಒಂದು ಮಾತು ಕೇಳಿದ್ದರೆ ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಬೇಡ ಅನ್ನುತ್ತಿದ್ದೆ. ಅದಕ್ಕೇ ತಾನೆ ನೀವು ಕೇಳಲಿಲ್ಲ? ಇಷ್ಟು ವರ್ಷ ನಿಮ್ಮ ಮಾತೆಂದರೆ ಎದುರು ಯೋಚಿಸಿದವಳಲ್ಲ ನಾನು. ಇನ್ನು ಮುಂದೆ ನೀವು ಊಟ ಆಯಿತು ಎಂದರೂ ನಿಜವೋ ಸುಳ್ಳೋ ಎಂದು ಅನುಮಾನ ಪಡಬೇಕಲ್ಲ, ಅದು ನನಗೆ ಬೇಕಿರಲಿಲ್ಲ.

ಲಾಸ್ಯಳಿಗೆ ಏನೂ ಹೇಳಿಲ್ಲ. ಹೊದಿಕೆ ಮತ್ತೆ ಹಾಕಿದ್ದೇನೆ. ಅವಳಿಗೆ ಹೊಸ ಬೆಳಕು ಇಷ್ಟವಾಗಿ ಗ್ಯಾರೇಜಿನಲ್ಲೇ ಕುರ್ಚಿ ಹಾಕಿಕೊಂಡು ಓದುತ್ತಿದ್ದಾಳೆ. ಅಪ್ಪನಿಗೆ ಫೋಟೋ ಕಳಿಸುತ್ತೇನೆ ಎಂದಳು, ಬೇಡ, ಬಂದಾಗ ನೋಡಲಿ ಎಂದೆ. ಊಟ ತಪ್ಪಿಸಬೇಡಿ. ನನಗೆ ನಿಮ್ಮ ಮೇಲೆ ಸಿಟ್ಟು, ನಿಮ್ಮ ಹೊಟ್ಟೆಯ ಮೇಲಲ್ಲ. ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ತಿಳಿಸಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಇವತ್ತೂ ದೀಪ ಹಚ್ಚಿದ್ದೇನೆ, ಅಭ್ಯಾಸ ಬಿಡುವುದಿಲ್ಲ.

ಸದಾಶಿವಯ್ಯನವರ ಮಗಳು,
ಹೇಮಶ್ರೀ

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚುವಾಗ ಅಮ್ಮನ ಫೋನ್ ಬಂತು. ಈ ವರ್ಷ ಆಯುಧಪೂಜೆಗೆ ಬರುವುದಿಲ್ಲವಂತೆ, ಮಂಡಿನೋವಂತೆ. ಬಿಡದೆ ಕೇಳಿದೆ. ಕೊನೆಗೆ ಹೇಳಿದರು. ಹೋದ ವರ್ಷ ವಿಭೂತಿ ಹಚ್ಚುವಾಗಲೇ ಅವರ ಬೆರಳಿಗೆ ಗೊತ್ತಾಗಿದೆ. ಅಪ್ಪನ ಗೆರೆ ಕೈಗೆ ಉಬ್ಬಿ ಸಿಗುತ್ತಿತ್ತಂತೆ, ಇದು ನುಣ್ಣಗಿತ್ತಂತೆ. "ನೀನೇ ಯಾರಿಗೋ ಕೊಟ್ಬುಟ್ಟಿದ್ದೀಯ ಅಂದ್ಕೊಂಡೆ ಕಣಮ್ಮ. ಕೇಳಿದ್ರೆ ನೊಂದ್ಕೋತೀಯ ಅಂತ ಬಾಯಿ ಮುಚ್ಕೊಂಡೆ. ಹೋಗ್ಲಿ ಬುಡು, ಹಳೇ ಸಾಮಾನು" ಎಂದರು. ಒಂದು ವರ್ಷದಿಂದ ನಮ್ಮಮ್ಮ ನನ್ನನ್ನು ಹಾಗೆ ತಿಳಿದುಕೊಂಡೇ ನನ್ನ ಮನೆಯಲ್ಲಿ ಉಂಡು ಹೋಗಿದ್ದಾರೆ. ನಾನಲ್ಲಮ್ಮ ಎಂದೆ. "ಆಯ್ತು ಆಯ್ತು" ಎಂದರು, ನಂಬಲಿಲ್ಲ. ಟ್ಯಾಂಕಿನ ಮಾತು ಆಮೇಲೆ ನೋಡೋಣ. ಈ ಕಾಗದ ಮಡಿಸುವ ಮೊದಲು ಅಮ್ಮನಿಗೆ ಫೋನ್ ಮಾಡಿ. ಹೇಮಾ ಕೊಡಲಿಲ್ಲ, ನಾನು ಕೊಟ್ಟೆ, ಅವಳಿಗೆ ಗೊತ್ತೇ ಇರಲಿಲ್ಲ ಎಂದು ನಿಮ್ಮ ಬಾಯಿಂದ ಹೇಳಿ. ಅದನ್ನು ಹೇಳದೆ ಈ ಮನೆಗೆ ಬರಬೇಡಿ.