ನಲವತ್ತರಲ್ಲಿ ಎಷ್ಟು ಮಂದಿ ಉಳಿದರು

ವಡ್ಡು, ಸಂಡೂರು ತಾಲೂಕು
ಭಾನುವಾರ, 18 ನವೆಂಬರ್ 2007

ಪ್ರೀತಿಯ ಹುಲುಗಕ್ಕಾ,

ನಿನ್ನ ತಂಗಿ ಪಲ್ಲವಿಯ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಡಾಕ್ಟರು ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಿದ್ದೀಯೋ? ಮಾವನ ಕೆಮ್ಮು ಕಡಿಮೆಯಾಯಿತೇ? ನಾನಿಲ್ಲಿ ಆರಾಮ. ಅದಿರಿನ ಧೂಳಿಗೆ ತಲೆ ತೊಳೆದರೆ ಬಚ್ಚಲೆಲ್ಲ ಕೆಂಪು, ಅದೊಂದು ಬಿಟ್ಟರೆ ಚಿಂತೆಯಿಲ್ಲ. ಚಿಂತೆಯಿಲ್ಲ ಎಂದು ಬರೆದದ್ದು ಸುಳ್ಳು, ಹೇಳುತ್ತೇನೆ ಕೇಳು. ಫೋನಿನಲ್ಲಾದರೆ ನೀನು “ಹೂಂ, ಉಂಡ್ಯಾ?” ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ನಿಧಾನವಾಗಿ ಓದು.

ನಮ್ಮ ವೆಲ್ಡಿಂಗ್ ತರಬೇತಿ ಕೇಂದ್ರ ನಡೆಸುವ ಟ್ರಸ್ಟಿನವರು ಹೋದ ತಿಂಗಳು ಹೊಸಪೇಟೆಯಲ್ಲಿ ಸಭೆ ಕರೆದಿದ್ದರು. ಕೇಂದ್ರ ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಯಾವುದರಿಂದ ಅಳೆಯಬೇಕು ಎಂಬುದೇ ವಿಷಯ. ಒಬ್ಬರು ಹಾಜರಿ ನೋಡಿ ಎಂದರು, ಇನ್ನೊಬ್ಬರು ಎಷ್ಟು ಸರ್ಟಿಫಿಕೇಟ್ ಕೊಟ್ಟಿರಿ ಎಂಬುದೇ ಸಾಕು ಎಂದರು. ಹಾಗಾದರೆ ಮೇ ತಿಂಗಳಲ್ಲಿ ಮುಗಿಸಿದ ನಮ್ಮ ಮೊದಲ ಬ್ಯಾಚು, ನಿನ್ನ ಮಗ ಕಿರಣನಿದ್ದ ಬ್ಯಾಚು, ನಲವತ್ತಕ್ಕೆ ನಲವತ್ತು ಪಾಸ್. ಮಸ್ತ್! ಸುಮ್ಮನೆ ಉಪ್ಪಿಟ್ಟು ತಿಂದು ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ.

ಆಗ ನನಗೆ ತೋಟಪ್ಪ ಸಾಹುಕಾರರ ಗದ್ದೆ ನೆನಪಾಯಿತು. ನಾಟಿ ಮುಗಿದ ಎಂಟನೇ ದಿನ ನೀನು ನಿನ್ನ ಹೆಣ್ಣಾಳುಗಳ ಗುಂಪನ್ನು ಕರೆದುಕೊಂಡು ಮತ್ತೆ ಅದೇ ಕೆಸರಿಗೆ ಇಳಿಯುತ್ತಿದ್ದೆ. ಕೊಳೆತ ಸಸಿ ಕಿತ್ತು ಖಾಲಿ ಜಾಗಕ್ಕೆ ಬೇರೆ ಸಸಿ ಹಚ್ಚಬೇಕು, ಆ ದಿನಕ್ಕೆ ಕೂಲಿ ಕೇಳುವ ಹಾಗಿಲ್ಲ. ಯಾರಾದರೂ ಗೊಣಗಿದರೆ “ಹಚ್ಚಿ ಬಂದದ್ದು ಕೆಲಸಲ್ಲ ಲೇ, ಬೇರು ಹಿಡಿದದ್ದು ಕೆಲಸ” ಎಂದು ಗದರುತ್ತಿದ್ದೆ. ನಮ್ಮೂರು ಮೆಟ್ರಿಯಲ್ಲಿ ಎಷ್ಟು ಗುಂಪಿದ್ದರೂ ಜನ ನಿನ್ನ ಗುಂಪನ್ನೇ ಕೇಳಿಕೊಂಡು ಬರುತ್ತಿದ್ದುದು ಅದಕ್ಕೇ ಅಲ್ಲವೇ? ನಾನು ಎದ್ದು ನಿಂತು ಇದನ್ನೇ ಹೇಳಿದೆ. ಆರು ತಿಂಗಳಾದ ಮೇಲೆ ಎಷ್ಟು ಜನ ಕಲಿತ ಕೆಲಸದಲ್ಲಿ ಉಳಿದಿದ್ದಾರೆ ಎಂದು ಎಣಿಸಿರಿ, ಅರ್ಧದಷ್ಟಾದರೂ ಇಲ್ಲದಿದ್ದರೆ ಕೇಂದ್ರ ಯಾತಕ್ಕೆ ಎಂದೆ. ಎಲ್ಲರೂ ಒಪ್ಪಿಬಿಟ್ಟರು! ನಲವತ್ತರಲ್ಲಿ ಇಪ್ಪತ್ತು ಜನ ಇರಬೇಕು. ಒಬ್ಬರು ಕಡಿಮೆಯಾದರೂ ಮಾರ್ಚಿಗೆ ವಡ್ಡು ಕೇಂದ್ರ ಬಂದ್, ನನ್ನ ಕೆಲಸವೂ ಬಂದ್. ಟ್ರಸ್ಟಿನ ಬಸವಕುಮಾರ್ ಸರ್ ಹೊರಗೆ ಬಂದು “ಕುಂತ ಟೊಂಗಿ ನೀನ ಕಡಕೊಂಡಿ ನೋಡಮ್ಮ” ಎಂದು ನಕ್ಕರು.

ಹದಿನೈದು ದಿನ ರಿಜಿಸ್ಟರ್ ಹಿಡಿದು ಮನೆಮನೆ ತಿರುಗಿದೆ. ಎಲ್ಲ ಕಡೆ ಒಂದೇ ಉತ್ತರ: “ಕೆಲಸಕ್ಕ ಹೋಗ್ಯಾನ್ರಿ ಮೇಡಂ, ಬರ್ರಿ, ಕುಂದ್ರಿ, ಚಾ ಕುಡೀರಿ.” ನನಗೋ ಸ್ವರ್ಗಕ್ಕೆ ಮೂರೇ ಗೇಣು. ಕೊನೆಗೆ ಜಂಬವ್ವ ಎಂಬ ಮುದುಕಿ ಮೆಲ್ಲಗೆ ಕೇಳಿದಳು, “ಬಿಟ್ಟಾನ ಅಂದ್ರ ಸರ್ಟಿಪಿಕೇಟ್ ಕಸ್ಕೊಂತೀರಂತಲ್ಲವ್ವಾ?” ಅಯ್ಯೋ ಶಿವನೇ! ನಾನು ಬರುವ ಮೊದಲೇ ಊರೂರಿಗೆ ಆ ಸುದ್ದಿ ಹಬ್ಬಿತ್ತು. ಹಣೆ ಚಚ್ಚಿಕೊಂಡೆ. ಮನೆಯಲ್ಲಿ ಕೇಳುವುದು ಬಿಟ್ಟು ಫ್ಯಾಕ್ಟರಿ, ವರ್ಕ್‌ಶಾಪ್‌ಗಳಿಗೇ ಹೋಗಿ ಒಂದೊಂದೇ ಹೆಸರು ನೋಡಿದೆ. ಬಿಟ್ಟವರನ್ನು ಹುಡುಕಿ ಯಾಕೆ ಬಿಟ್ಟಿರಿ ಎಂದು ಕೇಳಿದೆ. ಎರಡನೇ ಪಾಳಿ ಮುಗಿದ ಮೇಲೆ ಊರಿಗೆ ಬಸ್ಸಿಲ್ಲ. ಕೆಲವು ಕಡೆ ಕಣ್ಣಿಗೆ ಕಪ್ಪು ಗ್ಲಾಸು ಕೊಡುವುದಿಲ್ಲ. ಅದಿರು ಲಾರಿಗೆ ತಾಡಪತ್ರಿ ಕಟ್ಟಿದರೆ ಇದಕ್ಕಿಂತ ಜಾಸ್ತಿ ಸಿಗುತ್ತದೆ. ಆರು ತಿಂಗಳಲ್ಲಿ ಒಮ್ಮೆಯೂ ನಾವು ಅವರನ್ನು ವಿಚಾರಿಸಿರಲಿಲ್ಲ, ನನಗೆ ನಾಚಿಕೆಯಾಯಿತು. ಇದನ್ನೆಲ್ಲ ಬರೆದು ಲಿಸ್ಟಿನ ಜೊತೆ ಇಟ್ಟಿದ್ದೇನೆ. ನಾಳೆ ಹೊಸಪೇಟೆಗೆ ಕಳಿಸಬೇಕು.

ಅಕ್ಕಾ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ನೀನು ಕೂಲಿಗೆ ಹೋದೆ, ನನ್ನನ್ನು ಡಿಪ್ಲೊಮಾ ತನಕ ಓದಿಸಿದೆ. ಅಷ್ಟು ಜನ ದೊಡ್ಡವರ ಮುಂದೆ ನಾನು ನಡುಗದೆ ಮಾತಾಡಿದ್ದು ನಿನ್ನಿಂದ. ನಿನ್ನ ಋಣ ಹೇಗೆ ತೀರಿಸಲಿ? ಎದುರಿಗೆ ಹೇಳಿದರೆ “ಸಾಕ್ ಸುಮ್ನಿರ ಲೇ” ಎನ್ನುತ್ತೀ. ಕಾಗದದಲ್ಲಿ ನನ್ನ ಬಾಯಿ ಮುಚ್ಚಿಸಲು ನಿನಗೆ ಆಗುವುದಿಲ್ಲ, ಅದಕ್ಕೇ ಬರೆದುಬಿಟ್ಟೆ.

ಮಾವನಿಗೆ ನನ್ನ ನಮಸ್ಕಾರ ತಿಳಿಸು. ಪಕ್ಕದ ಮನೆಯವರನ್ನು ಕೇಳಿದೆನೆಂದು ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಬಾಯಿಬಡುಕ ತಂಗಿ,
ಪಲ್ಲವಿ

ತಾ.ಕ.: ನಿನ್ನೆ ಮರಿಯಮ್ಮನಹಳ್ಳಿಯ ಲಾರಿ ಸಾಲಿನಲ್ಲಿ ಕಿರಣ ಸಿಕ್ಕ, ತಾಡಪತ್ರಿ ಕಟ್ಟುತ್ತಿದ್ದ. ವರ್ಕ್‌ಶಾಪ್ ಬಿಟ್ಟು ನಾಲ್ಕು ತಿಂಗಳಾಯಿತಂತೆ. “ಅವ್ವಗ ಗೊತ್ತೈತಿ ಚಿಗವ್ವಾ” ಎಂದ. ಹೋದ ವಾರ ನಾನು ಫೋನಿನಲ್ಲಿ, ಎಣಿಕೆ ಕಡಿಮೆಯಾದರೆ ನನ್ನ ಕೆಲಸ ಹೋಗುತ್ತದೆ ಎಂದಷ್ಟೇ ಹೇಳಿ ಕಿರಣನ ಬಗ್ಗೆ ಕೇಳಿದಾಗ ನೀನು “ಕೆಲಸ ಚಲೋ ನಡದೈತಿ, ಚಿಂತಿ ಮಾಡಬ್ಯಾಡ” ಎಂದಿದ್ದೆ. ನನ್ನ ಸಲುವಾಗಿ ಸುಳ್ಳು ಹೇಳಿದೆಯಲ್ಲ ಎಂದು ಬಸ್ಸಿನಲ್ಲಿ ಅತ್ತುಬಿಟ್ಟೆ. ಸಿಟ್ಟಿಲ್ಲ. ಅವನನ್ನೂ ಬೈಯಬೇಡ, ಕಪ್ಪು ಗ್ಲಾಸಿಲ್ಲದೆ ಎರಡು ತಿಂಗಳು ಕಣ್ಣು ಉರಿಸಿಕೊಂಡು ದುಡಿದಿದ್ದಾನೆ. ಅವನ ಹೆಸರು ಸೇರಿಸಿದರೆ ಇಪ್ಪತ್ತಾಗುತ್ತದೆ. ನಾನು ಹತ್ತೊಂಬತ್ತು ಎಂದೇ ಬರೆದು ಸಹಿ ಹಾಕಿದ್ದೇನೆ, ಅಕ್ಕಾ.