ಗಂಡಿನ ಬಲಕ್ಕೆ ನಿಂತ ಮದುಮಗಳು

ಶಿಕಾರಿಪುರ
೯ ನವೆಂಬರ್ ೨೦೨೪

ಪ್ರೀತಿಯ ಮೂಕಕ್ಕನಿಗೆ,

ಜಡೆ ಊರಲ್ಲಿ ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು. ಸಿಟ್ಟಿನಲ್ಲಿ ಬರೆದದ್ದನ್ನು ಹರಿದು ಹಾಕಿದ್ದೆ. ಇದೂ ಸಿಟ್ಟಿನದೇ, ಆದರೆ ಹರಿಯುವುದಿಲ್ಲ.

ನಮ್ಮ ನೇಕಾರರ ಸಂಘದ ಅಧ್ಯಕ್ಷ ಕೊಟ್ರೇಶ್ ಕೊಟ್ಟ ಮಾತು: ನಮ್ಮಿಬ್ಬರ ಸೀರೆ ಕೈಮಗ್ಗದಲ್ಲೇ ಆಗುತ್ತದೆ. ಬಂದಳಿಕೆ ಗುಡಿಯ ಜಾಲರಿ ಕಿಟಕಿ ನೋಡಿ ನಾನು ಕಟ್ಟಿದ ಅಂಚು, ಮದುವೆ ಮನೆ ಗೋಡೆಗೆ ನೀನು ಬರೆಯುವ ಹಸೆ ಚಿತ್ತಾರದ ಸೆರಗು, ತುದಿಯಲ್ಲಿ ಇಬ್ಬರ ಹೆಸರು. ಸಿಕ್ಕಿದ್ದು: ಸೀರೆ ಪವರ್‌ಲೂಮಿಗೆ ಹೋಯಿತು. ಹೆಸರಿಲ್ಲ. ಕೇಳಲು ಹೋದರೆ ಕೂರಲು ಕುರ್ಚಿಯೂ ಇಲ್ಲ.

ಮೊನ್ನೆ ಸಂತೆಯಲ್ಲಿ ಅದೇ ಸೀರೆ ರಾಶಿ ಬಿದ್ದಿತ್ತು, ಮೇಲೆ ಕೈಮಗ್ಗದ ಚೀಟಿ. ತಪ್ಪು ಮೊದಲು ಕಂಡದ್ದು ಈಸೂರಿನ ಒಬ್ಬ ಅಜ್ಜಿಗೆ. ಸೆರಗಿನಲ್ಲಿ ಮದುಮಗಳು ಗಂಡಿನ ಬಲಕ್ಕೆ ನಿಂತಿದ್ದಳು. “ಏನ್ ತಮ್ಮಾ, ತಾಳಿ ಕಟ್ಟದಿನ್ನೂ ಬಾಕಿ ಐತೇನು?” ಎಂದು ಅಂಗಡಿಯವನನ್ನು ಛೇಡಿಸಿದಳು. ತಾಳಿಯಾದ ಮೇಲೆ ಹೆಣ್ಣು ಎಡಕ್ಕೆ ಬರಬೇಕಲ್ಲ, ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ನೀನು ಬರೆದದ್ದು ಎಡಕ್ಕೆ, ನಾನು ನೇಯ್ದದ್ದೂ ಎಡಕ್ಕೆ. ಆದರೆ ಸೆರಗನ್ನು ನಾವು ಮುಖ ಕೆಳಗೆ ಮಾಡಿ ನೇಯುತ್ತೇವಲ್ಲ, ಮಗ್ಗದ ಮೇಲಿರುವಾಗ ಕಾಣುವುದು ಅದರ ಬೆನ್ನು. ಅಲ್ಲಿ ಮಾತ್ರ ಅವಳು ಬಲಕ್ಕಿರುತ್ತಾಳೆ. ಕದ್ದವನು ನನ್ನ ಮಗ್ಗದ ಪಕ್ಕದಲ್ಲೇ ನಿಂತು ಫೋಟೊ ಹೊಡೆದಿದ್ದಾನೆ. ಮಷಿನ್ನಿನವರು ಹಾಗೇ ಇಳಿಸಿದ್ದಾರೆ.

ನಾನು ನೇಯ್ದದ್ದು, ಸಂತೆಯಿಂದ ತಂದದ್ದು, ಎರಡೂ ಸೆರಗನ್ನು ಕೊಟ್ರೇಶನ ಟೇಬಲ್ಲಿನ ಮೇಲೆ ಹಾಸಿದೆ. “ಗುಡಿ ಊರಿಂದು, ಚಿತ್ತಾರ ಗ್ವಾಡಿದು. ಇದ್ರಾಗ ನಿಮ್ದೇನೈತ್ರೀ ನಿರ್ಮಲಮ್ಮ?” ಎಂದ.

“ಹಂಗಾರೆ ಮುಂದಿನ ಸೀರೇನ ಗ್ವಾಡಿಗೇ ಹೇಳ್ರಿ, ನೇಯ್ದು ಕೊಡ್ತತಿ” ಎಂದು ಹೊರಟು ಬಂದೆ.

ನೇಕಾರರೆಲ್ಲ ಸೇರಿ ಸಂಘದ ಸಭೆ ಕರೆಸಿದ್ದೇವೆ. ಆ ಚೀಟಿ ಕೀಳಬೇಕು, ನಮ್ಮ ಹೆಸರು ಬರಬೇಕು. ಅಂಚು ನನ್ನದೆಂದು ನಾನು ಹೇಳುತ್ತೇನೆ. ಸೆರಗು ನಿನ್ನದೆಂದು ನೀನೇ ಎದ್ದು ನಿಂತು ಹೇಳಬೇಕು. ನೀನಿಲ್ಲದಿದ್ದರೆ ಸೋಲುತ್ತೇವೆ.

ನಿನ್ನ ಕೈ ಗಟ್ಟಿಯಿರಲಿ. ನಿನ್ನ ಚಿತ್ತಾರವಿಲ್ಲದೆ ಯಾವ ಮನೆಯ ಮದುವೆಯೂ ಆಗದಿರಲಿ.

ನಿನ್ನ ತಂಗಿ,
ನಿರ್ಮಲ

ತಾ.ಕ.: ಮಗ್ಗದ ಹತ್ತಿರ ಫೋಟೊ ಹೊಡೆದವನು ಒಬ್ಬನೇ, ನಿನ್ನ ಮಗ ತೀರ್ಥೇಶ್. “ಅವ್ವಂಗೆ ತೋರ್ಸಕ್ಕೆ ಚಿಕ್ಕಮ್ಮ” ಎಂದ. ಊಟಕ್ಕಿಟ್ಟು ಕಳಿಸಿದೆ. ಫೋನ್ ಮಾಡಿದರೆ ಅವನೇ ಎತ್ತುತ್ತಾನೆಂದು ಕಾಗದ ಬರೆದೆ. ಈಗ ಕೊಟ್ರೇಶ್ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ: “ಫೋಟೊ ಹೊಡಿಯಾಕ ಮಗನ್ನ ಕಳಿಸ್ದಾಕಿ ಮೂಕಮ್ಮನೇ.” ಅಕ್ಕಾ, ಸುಳ್ಳಾದರೆ ಬಂದು ಸುಳ್ಳೆನ್ನು. ನಿಜವಾದರೂ ಬಾ, ನನ್ನ ಮುಖ ನೋಡಿ ಹೇಳು. ಸಭೆ ಹದಿನೆಂಟನೇ ತಾರೀಖು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.