ನಾಳೆ ರಜೆ ಕೊಡಬೇಡಿ

ಕ್ರಿಸ್ತಶಕ ಎರಡು ಸಾವಿರದ ಇನ್ನೂರ ತೊಂಬತ್ತನಾಲ್ಕು,
ನಡುಮಳೆ ತಿಂಗಳ ಮೂವತ್ತೈದನೆಯ ದಿನ,
ದೋಣಿಯ ಮೇಲಿನಿಂದ

ಮುರಗುಡ್ಡೆ ದೈವಜ್ಞಾನ ಶಾಲೆಯ ಮೊದಲ ಅಧ್ಯಕ್ಷರಾಗಲಿರುವ ಮಾನ್ಯ ಸುಮಂತ ಐಮನ್ ಅಯ್ಯನವರಿಗೆ ಜಯಶೀಲ ಜತ್ತನ್ನನ ವಂದನೆಗಳು.

ಮೇಲಿನ ತಾರೀಕು ನೋಡಿ ನೀವು ಕನ್ನಡಕ ಒರೆಸಿಕೊಂಡಿರಬಹುದು. ತಪ್ಪೇನೂ ಆಗಿಲ್ಲ. ನಾನು ನಿಮಗಿಂತ ಎಷ್ಟೋ ತಲೆಮಾರು ಮುಂದಿನವನು. ಮಳೆಗಾಲ ಒಡೆದು ಎರಡಾದ ಮೇಲೆ ನಡುವೆ ಉಳಿದ ದಿನಗಳನ್ನೆಲ್ಲ ಗುಡಿಸಿ ನಾವು ಒಂದು ತಿಂಗಳು ಮಾಡಿಕೊಂಡಿದ್ದೇವೆ. ಅದಕ್ಕೆ ನಡುಮಳೆ ಎನ್ನುತ್ತೇವೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಶಾಲೆಯ ಹಳೆಯ ಆರಾಧನಾ ಕ್ರಮದ ಪುಸ್ತಿಕೆಗಳನ್ನು ಓದಿ. ಆದ್ದರಿಂದ ನನ್ನ ಮಾತು ಒಮ್ಮೊಮ್ಮೆ ಪ್ರಾರ್ಥನೆಯ ಹಾಗೆ ಕೇಳಿಸಿದರೆ, ನಡುನಡುವೆ ನಿಮಗೆ ಗುರುತಿಲ್ಲದ ಪದ ಬಂದರೆ, ಕ್ಷಮಿಸಬೇಕು. ಕಾಲದಲ್ಲಿ ಹಿಂದಕ್ಕೆ ಹೋಗುವ ಟಪ್ಪಾಲನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ, ಅದು ನನಗೆ ಗೊತ್ತಿದೆ. ಆದರೂ ಬರೆಯುತ್ತಿದ್ದೇನೆ. ನಿಮ್ಮ ಪದಗ್ರಹಣದ ಹಿಂದಿನ ದಿನ ಈ ಕಾಗದ ನಿಮ್ಮ ಕೈಸೇರಿದರೆ ಸಾಕು.

ನಿಮ್ಮ ಗುಡ್ಡೆ ಈಗ ನಡುಗಡ್ಡೆ. ನೀವು ಬಸ್ಸಿಗೆ ಕಾಯುತ್ತಿದ್ದ ಜಾಗದಲ್ಲಿ ನಮ್ಮವರು ಬಲೆ ಬೀಸುತ್ತಾರೆ. ನಾನು ಶಾಲೆಯ ನೀರುಗಾರ, ಅಂದರೆ ಬಿಸಿಲುಪೆಟ್ಟಿಗೆಗಳನ್ನು ನೋಡಿಕೊಳ್ಳುವವನು. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕಡಲ ನೀರು ಹೊಯ್ದು ಬಿಸಿಲಿಗಿಟ್ಟರೆ ಮುಚ್ಚಳದ ಒಳಮೈ ಬೆವರುತ್ತದೆ. ಆ ಬೆವರೇ ನಮ್ಮ ಸಿಹಿನೀರು. ಒಂದು ಪೆಟ್ಟಿಗೆಯ ನೀರು ಒಂದು ಜೀವಕ್ಕೆ ಸಾಕಾಗುತ್ತದೆ, ಹೆಚ್ಚಿಲ್ಲ. ಮೋಡ ಕವಿದರೆ ಜನ ನನ್ನನ್ನು ಬಯ್ಯುತ್ತಾರೆ, ಮೋಡಕ್ಕೂ ನಾನೇ ಜವಾಬ್ದಾರ ಎಂಬಂತೆ. ಅಕ್ಕಿ ಬೆಳೆಯುವುದು ತೇಲುಗದ್ದೆಯಲ್ಲಿ, ಬಿದಿರಿನ ತೆಪ್ಪದ ಮೇಲೆ ಮಣ್ಣು ಹರಡಿ ಮಾಡಿದ ಗದ್ದೆಯದು. ಈ ಅಕ್ಕಿಯ ಗಂಜಿಗೆ ಹಿಂದಿನ ರುಚಿ ಇಲ್ಲವೆಂದು ನಮ್ಮ ಅಜ್ಜಿ ಕೊನೆಯವರೆಗೂ ದೂರುತ್ತಿದ್ದರು; ಹಿಂದಿನ ಗಂಜಿಯನ್ನು ಅವರೂ ಉಂಡವರಲ್ಲ. ಬೆಳಿಗ್ಗೆ ಗಂಟೆ ಹೊಡೆದರೆ ಪಾಠ, ಸಂಜೆಗೆ ಕೀರ್ತನೆ. ಕೀರ್ತನೆಯಲ್ಲಿ ಗಂಡಸರ ಸಾಲು ಈಗಲೂ ಹೆಂಗಸರಿಗಿಂತ ಒಂದು ಗಳಿಗೆ ಹಿಂದೆಯೇ ಇರುತ್ತದೆ. ಲೋಕ ಮುಳುಗಿದರೂ ಅದೊಂದು ಸರಿಹೋಗಲಿಲ್ಲ.

ಈ ವರ್ಷ ಉಪ್ಪುಬೇನೆ ಬಂತು. ಅದು ಶ್ವಾಸಕೋಶಕ್ಕೆ ಹತ್ತುವ ಕಾಯಿಲೆ, ಹತ್ತಿರ ಕೂತವರಿಗೆ ಅಂಟುತ್ತದೆ, ಮದ್ದಿಲ್ಲ. ತೇಲುಗದ್ದೆಗಳೂ ಬಿರುಗಾಳಿಗೆ ಹರಿದುಹೋದವು. ಎಲ್ಲರೂ ಘಟ್ಟದ ಮೇಲಕ್ಕೆ ಹೋಗಬೇಕೆಂದು ಸಭೆಯ ಹಿರಿಯರು ತೀರ್ಮಾನಿಸಿ ದೋಣಿ ತರಿಸಿದರು. ಅಷ್ಟರಲ್ಲಿ ನಮ್ಮ ಅಧ್ಯಕ್ಷರಾಗಿದ್ದ ಮನೋಹರ ಸೋನ್ಸ್ ಅಯ್ಯನವರು ಅದೇ ಬೇನೆಯಲ್ಲಿ ತೀರಿಕೊಂಡರು. ಶಾಲೆಯಲ್ಲಿ ಉಳಿದಿದ್ದ ವಿದ್ಯಾರ್ಥಿ ಒಬ್ಬರೇ, ಎಲೀಯ ಬಂಗೇರ. ಮೀನು ಹಿಡಿಯುವುದನ್ನು ಬಿಟ್ಟು ಮುದಿಪ್ರಾಯದಲ್ಲಿ ಸತ್ಯವೇದ ಕಲಿಯಲು ಬಂದವರು, ನಮಗೆಲ್ಲ ಎಲಿಯಣ್ಣ. ಅವರಿಗೂ ಉಪ್ಪುಬೇನೆ. ಬೇನೆಯವರನ್ನು ದೋಣಿಗೆ ಹತ್ತಿಸುವುದಿಲ್ಲ.

ಇಲ್ಲಿ ನಿಮ್ಮ ವಿಷಯ ಬರುತ್ತದೆ ಅಯ್ಯನವರೇ. ನಮ್ಮ ಸಭೆಯವರ ಗುಣ ನಿಮಗೆ ಗೊತ್ತೇ ಇದೆ: ಆರಾಧನಾ ಕ್ರಮದಲ್ಲಿ ಒಂದು ಸಲ ಅಚ್ಚಾದದ್ದನ್ನು ತೆಗೆಯುವ ಧೈರ್ಯ ಯಾರಿಗೂ ಇಲ್ಲ. ನಾಳೆ ನೀವು ಬರೆದುಕೊಂಡು ಹೋದ ಭಾಷಣ ಬಿಟ್ಟು, ಮನಸ್ಸು ತುಂಬಿ ಬಂದು, "ಈ ಗುಡ್ಡೆಯಲ್ಲಿ ಒಬ್ಬ ವಿದ್ಯಾರ್ಥಿ ಇರುವ ತನಕ ನಾನು ಇಳಿಯುವುದಿಲ್ಲ" ಎಂದುಬಿಡುತ್ತೀರಿ. ಜೋರು ಚಪ್ಪಾಳೆ. ನಿಮ್ಮ ನಂತರದವರ ಪದಗ್ರಹಣದಲ್ಲಿ ಆ ಮಾತು ಅಚ್ಚಾಗುತ್ತದೆ, ಅವರ ನಂತರ ಪ್ರತಿಜ್ಞೆಯಾಗುತ್ತದೆ. ಚಪ್ಪಾಳೆ ನಿಂತ ಮೇಲೆ, ಹಿಂದಿನ ಸಾಲಿನಲ್ಲಿ ಬೆವರುತ್ತ ಕೂತ ವಿದ್ಯಾರ್ಥಿಗಳನ್ನು ನೋಡಿ ನಗುತ್ತ ಇನ್ನೊಂದು ಮಾತು ಹೇಳುತ್ತೀರಿ: "ಇದು ಅಧ್ಯಕ್ಷನ ಮೊದಲ ಆಜ್ಞೆ, ಯಾರೂ ಮೀರುವ ಹಾಗಿಲ್ಲ. ಇವತ್ತು ಪಾಠಕ್ಕೆ ರಜೆ!" ಅದೂ ಅಚ್ಚಾಗುತ್ತದೆ. ಅಂದಿನಿಂದ ಹೊಸ ಅಧ್ಯಕ್ಷರ ಮೊದಲ ಆಜ್ಞೆಯನ್ನು ಯಾರೂ ಮೀರಿದ್ದಿಲ್ಲ. ಮೀರುವುದಾದರೂ ಯಾಕೆ? ಹೆಚ್ಚಾಗಿ ರಜೆಯೇ. ಒಬ್ಬರು ಪಾಯಸ ಮಾಡಿಸಿದರಂತೆ, ಇನ್ನೊಬ್ಬರು ಇಡೀ ಶಾಲೆಯನ್ನು ಈಜಲು ಕಳಿಸಿದರಂತೆ.

ಹಿರಿಯರು ಒಂದು ಉಪಾಯ ಕಂಡುಕೊಂಡರು. ಘಟ್ಟ ಮುಟ್ಟುವ ತನಕ ಅಧ್ಯಕ್ಷರ ಕುರ್ಚಿ ಖಾಲಿ ಇರಲಿ. ಅಧ್ಯಕ್ಷರೇ ಇಲ್ಲದಿದ್ದರೆ ಪ್ರತಿಜ್ಞೆ ಯಾರಿಗೂ ತಾಗುವುದಿಲ್ಲ. ಎಲಿಯಣ್ಣನ ಪಕ್ಕದಲ್ಲಿ ಗಂಜಿ, ನೀರು ಇಟ್ಟು, ಪ್ರಾರ್ಥನೆ ಮಾಡಿ ಹೊರಡೋಣ ಎಂದರು. ಆಗ ಎದ್ದು ನಿಂತವಳು ನನ್ನ ಅಕ್ಕ ದಯಾವತಿ. ಶಾಲೆಯಲ್ಲಿ ಹಳೆ ಒಡಂಬಡಿಕೆ ಕಲಿಸುವವಳು, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. "ಕುರ್ಚಿ ಖಾಲಿ ಮಾರಾಯ್ರೆ, ಹಾಸಿಗೆ ಖಾಲಿ ಇಲ್ಲ ಅಲ್ವಾ?" ಎಂದಳು. ತಾನೇ ಅಧ್ಯಕ್ಷಳಾಗುತ್ತೇನೆ, ಪದಗ್ರಹಣ ದೋಣಿ ಹೊರಡುವ ಮೊದಲೇ ಆಗಬೇಕು ಎಂದು ಹಟ ಹಿಡಿದಳು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜಗಳ ಮಾಡಿ ಪ್ರಯೋಜನವಿಲ್ಲವೆಂದು ಗೊತ್ತಿತ್ತು, ಹಾಗಾಗಿ ನಾನೂ ಉಳಿಯುವುದೆಂದು ಒಳಗೊಳಗೇ ನಿಶ್ಚಯ ಮಾಡಿದೆ. ದೋಣಿಯವರಿಗೆ ಪೆಟ್ಟಿಗೆಯ ಕೆಲಸ ಕಲಿಸಿಕೊಟ್ಟೆ. ಗುಡ್ಡೆಯ ಮೇಲೆ ಎರಡು ಪೆಟ್ಟಿಗೆ ಬಿಡಬೇಕೆಂದು ಹಿರಿಯರು ಹೇಳಿದ್ದರು. ನಾನು ಮೂರು ಇಟ್ಟೆ.

ಪದಗ್ರಹಣ ನಡೆದದ್ದು ನಿನ್ನೆ, ಎಲಿಯಣ್ಣನ ಕೋಣೆಯ ಬಾಗಿಲಲ್ಲಿ. ನಿಮ್ಮ ನಂತರ ಬಂದ ಪದ್ಧತಿಯ ಪ್ರಕಾರ ಹೊಸ ಅಧ್ಯಕ್ಷರು ಹೊರಗೆ ನಿಂತು ಬಾಗಿಲು ತಟ್ಟಬೇಕು, ವಿದ್ಯಾರ್ಥಿ ಬನ್ನಿ ಎಂದು ಕರೆಯಬೇಕು. ಕರೆಯದೆ ಒಳಗೆ ಕಾಲಿಡುವ ಹಾಗಿಲ್ಲ. ನಾವೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ದೂರ ನಿಂತಿದ್ದೆವು. ಸೋನ್ಸ್ ಅಯ್ಯನವರ ಗೌನು ಅಕ್ಕನಿಗೆ ಉದ್ದವಾಗಿ ನೆಲ ಗುಡಿಸುತ್ತಿತ್ತು. ಅವಳು ತಟ್ಟಿದಳು. ಒಳಗೆ ಸದ್ದಿಲ್ಲ. ಮತ್ತೆ ತಟ್ಟಿದಳು. ಕಿಟಕಿಯಿಂದ ನನಗೆ ಕಾಣುತ್ತಿತ್ತು, ಎಲಿಯಣ್ಣ ಗೋಡೆಯ ಕಡೆ ತಿರುಗಿ, ಕಣ್ಣು ಬಿಗಿಯಾಗಿ ಮುಚ್ಚಿ, ನಿದ್ದೆ ಬಂದವರ ಹಾಗೆ ಮಲಗಿದ್ದರು. ತಾನು ಕರೆದರೆ ಇವಳು ಸಾಯುತ್ತಾಳೆಂದು ಅವರಿಗೆ ಗೊತ್ತಿತ್ತು. ಕೆಮ್ಮು ಬಂದಾಗ ಹೊದಿಕೆಯನ್ನು ಬಾಯಿಗೆ ತುರುಕಿಕೊಂಡರು. ಕರೆಯಬೇಡಿ ಎಲಿಯಣ್ಣ, ಕರೆಯಬೇಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಅಕ್ಕ ಬಾಗಿಲಿಗೆ ಹಣೆ ಆನಿಸಿ ಮೆಲ್ಲಗೆ ಹೇಳಿದಳು: "ಎಲಿಯಣ್ಣ, ಹೊರಗೆ ಬಿಸಿಲುಂಟು. ಬಂದವರನ್ನು ಹೀಗೆ ನಿಲ್ಲಿಸುದಾ?"

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸುವ ಊರಿನವರು ಅವರು. ಆ ಮಾತನ್ನು ತಡೆದುಕೊಳ್ಳಲು ಅವರಿಂದ ಆಗಲಿಲ್ಲ. ಒಳಗಿನಿಂದ ಅಳು ಬೆರೆತ ಸ್ವರ ಬಂತು: "ಬನ್ನಿ ಅಮ್ಮ. ಕೊಡ್ಲಿಕ್ಕೆ ಒಂದು ತುಂಡು ಬೆಲ್ಲವೂ ಇಲ್ಲ ಮಾರಾಯ್ತಿ."

ಅಕ್ಕ ಹೊಸ್ತಿಲ ಮೇಲೆ ನಿಂತು ನಿಮ್ಮ ಪ್ರತಿಜ್ಞೆಯನ್ನು ಹೇಳಿದಳು. ಚಪ್ಪಾಳೆ ತಟ್ಟಬೇಕೆಂದು ಕ್ರಮದಲ್ಲಿ ಅಚ್ಚಾಗಿದೆ, ಅದಕ್ಕೆ ತಟ್ಟಿದೆವು. ಆಮೇಲೆ ಎಲ್ಲರೂ ಮೊದಲ ಆಜ್ಞೆಗೆ ಕಾದರು. ಅಕ್ಕ ಬಿಸಿಲಲ್ಲಿ ಸಾಲಾಗಿ ಇಟ್ಟಿದ್ದ ಪೆಟ್ಟಿಗೆಗಳನ್ನು ನೋಡಿದಳು, ನನ್ನನ್ನು ನೋಡಿದಳು. ಅಲ್ಲಿಗೆ ನನ್ನ ಗುಟ್ಟು ಬಯಲಾಯಿತು. "ಜಯಶೀಲ ದೋಣಿ ಹತ್ತಬೇಕು," ಎಂದಳು. "ಮೂರನೇ ಪೆಟ್ಟಿಗೆಯನ್ನು ತಗೊಂಡೇ ಹೋಗಬೇಕು." ನಾನು ಆಗುವುದಿಲ್ಲ ಎಂದು ಕೂಗಿದೆ. ಹಿರಿಯರು ಬಂದು ನನ್ನ ತೋಳು ಹಿಡಿದುಕೊಂಡರು, ಒರಟಾಗಿ ಅಲ್ಲ. ಮೊದಲ ಆಜ್ಞೆ, ಮೀರುವ ಹಾಗಿಲ್ಲ ಎಂದರು. ನಿಮ್ಮದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಂದು ಬೆಳಿಗ್ಗೆ ದೋಣಿಯಿಂದ ಗುಡ್ಡೆ ಇನ್ನೂ ಕಾಣುತ್ತಿತ್ತು. ಪಾಠದ ಹೊತ್ತಿಗೆ ಗಂಟೆ ಹೊಡೆಯಿತು. ಅಕ್ಕ ಒಬ್ಬ ವಿದ್ಯಾರ್ಥಿಗೆ ಪಾಠ ಮಾಡುತ್ತಿದ್ದಾಳೆ. ಬೇನೆ ಅವಳಿಗೂ ಅಂಟುತ್ತದೆ. ಎಲಿಯಣ್ಣ ಸಾಯುವಾಗ ಬಾಯಿಗೆ ನೀರು ಬಿಡಲು ಅಕ್ಕ ಇದ್ದಾಳೆ. ಅಕ್ಕ ಸಾಯುವಾಗ ಯಾರಿದ್ದಾರೆ?

ಆ ಪ್ರತಿಜ್ಞೆಯ ಮಾತನ್ನು ಆಡಬೇಡಿ ಎಂದು ಕೇಳಿಕೊಳ್ಳಲೆಂದೇ ನಾನು ಈ ಕಾಗದ ಬರೆಯಲು ಕೂತದ್ದು. ಈಗ ಕೇಳಲು ಮನಸ್ಸು ಒಪ್ಪುತ್ತಿಲ್ಲ. ಆ ಮಾತು ಇಲ್ಲದಿದ್ದರೆ ಎಲಿಯಣ್ಣ ಕಡಲಿನ ಸದ್ದು ಕೇಳುತ್ತ ಒಬ್ಬರೇ ಬಿದ್ದಿರುತ್ತಿದ್ದರು. ಅದನ್ನು ಹೇಳಿ ಅಯ್ಯನವರೇ, ಗಟ್ಟಿಯಾಗಿಯೇ ಹೇಳಿ. ಆದರೆ ಚಪ್ಪಾಳೆ ನಿಂತ ಮೇಲೆ ನಿಮಗೆ ಹುಡುಗರ ಮೇಲೆ ಕರುಣೆ ಬರುತ್ತದಲ್ಲ, ಆಗ ನಿಮ್ಮ ತುಟಿಗೆ ಬಂದ ಇನ್ನೊಂದು ಮಾತನ್ನು ನುಂಗಿಕೊಳ್ಳಿ. ಅವರು ಗೊಣಗುತ್ತಾರೆ, ಗೊಣಗಲಿ. ಗಂಟೆ ಹೊಡೆಸಿ ಪಾಠ ಮಾಡಿ. ದಯವಿಟ್ಟು ನಾಳೆ ರಜೆ ಕೊಡಬೇಡಿ. ನೀವು ಕೊಡದಿದ್ದರೆ ನನ್ನಕ್ಕನಿಗೆ ನನ್ನನ್ನು ಕಳಿಸಲು ಆಗುವುದಿಲ್ಲ.

ಮೂರನೇ ಪೆಟ್ಟಿಗೆ ನನ್ನ ತೊಡೆಯ ಮೇಲಿದೆ. ಬಿಸಿಲು ಬಿದ್ದು ಅದು ತನ್ನ ಪಾಡಿಗೆ ಬೆವರುತ್ತಿದೆ.

ವಿಧೇಯನಾಗಿ ದೋಣಿ ಹತ್ತಿದ,
ಜಯಶೀಲ ಜತ್ತನ್ನ, ನೀರುಗಾರ